ಬ್ಲೀಚ್‌ನ ಹೆಸರು ಮತ್ತು ನೀರಿನ ಲೆಕ್ಕ

ಕುಡಿಯುವ ನೀರಿನಲ್ಲಿರುವ ರೋಗಾಣುಗಳನ್ನು ಕೊಲ್ಲಲು ಹೆಸರಾಂತ ಕಂಪನಿಯ ಬ್ಲೀಚ್ ಬೇಕೋ, ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಬ್ಲೀಚ್ ಸಾಕೋ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ದುಡ್ಡು ಹೆಚ್ಚಾದರೂ ಹೆಸರಿರುವುದನ್ನೇ ಕೊಳ್ಳಬೇಕು ಎಂಬುದು ಮೊದಲನೆಯದು. ಎಲ್ಲ ಬ್ಲೀಚ್‌ಗಳೂ ಒಂದೇ, ಹೆಸರಿಗೆ ದುಡ್ಡು ಸುರಿಯುವುದು ದಡ್ಡತನ ಎಂಬುದು ಎರಡನೆಯದು. ಈ ಎರಡೂ ಉತ್ತರಗಳಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವನ್ನು ನಂಬಿ ನೀರು ಕುಡಿದರೆ ಆಗುವ ಅಪಾಯ ಮಾತ್ರ ಪೂರ್ಣವಾದದ್ದು. ಆದ್ದರಿಂದ ಈ ಉತ್ತರಗಳನ್ನು ಪಾವಗಡದಂಥ ಒಂದು ನಿಜವಾದ ಊರಿನ ನೀರನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಾವಗಡವನ್ನೇ ಏಕೆ ಆರಿಸಬೇಕು? ತುಮಕೂರು ಜಿಲ್ಲೆಯ ಈ ತಾಲ್ಲೂಕನ್ನು ಬಹುತೇಕ ಎಲ್ಲ ಕಡೆಗಳಿಂದಲೂ ಆಂಧ್ರಪ್ರದೇಶ ಸುತ್ತುವರಿದಿದೆ. ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಬಹುಕಾಲ ಜನ ನೆಚ್ಚಿಕೊಂಡದ್ದು ಕೊಳವೆ ಬಾವಿಗಳನ್ನು. ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ರಾಜ್ಯಕ್ಕೇ ಗೊತ್ತಿರುವ ಸಂಗತಿ. ಅಂದರೆ ಇಲ್ಲಿನ ನೀರಿಗೆ ಎರಡು ಬಗೆಯ ದೋಷಗಳು ಇರಬಹುದು: ಒಂದು ಜೀವಿಗಳದ್ದು, ಇನ್ನೊಂದು ಲವಣಗಳದ್ದು. ಬ್ಲೀಚ್ ಇವುಗಳಲ್ಲಿ ಒಂದಕ್ಕೆ ಮಾತ್ರ ಮದ್ದು.

ಜೀವಿಗಳಿಂದಾಗುವ ಅಪಾಯ ಹಳೆಯ ಕಾಲದ ಮಾತಲ್ಲ. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣದಲ್ಲಿ ಜನ ಪ್ರಾಣ ಕಳೆದುಕೊಂಡರು. 2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ-ಭೇದಿ ಹರಡಿ ಜೀವಹಾನಿಯಾಯಿತು. ಅಲ್ಲಿಯೂ ನೀರಿನ ಶುದ್ಧತೆಯ ಪ್ರಶ್ನೆಯೇ ಮುಂದೆ ಬಂತು. ಆದ್ದರಿಂದ ಬ್ಲೀಚ್‌ನ ಗುಣವನ್ನು ತಿಳಿಯುವುದು ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಾದ ವಿಷಯವಲ್ಲ.

ಒಂದೇ ಅಣು, ಬೇರೆ ಬೇರೆ ಬಾಟಲಿ

ಮೊದಲು ಎರಡನೆಯ ಉತ್ತರವನ್ನು ನೋಡೋಣ. ದ್ರವರೂಪದ ಬ್ಲೀಚ್ ಎಂದರೆ ನೀರಿನಲ್ಲಿ ಕರಗಿದ ಸೋಡಿಯಮ್ ಹೈಪೊಕ್ಲೋರೈಟ್. ಪಠ್ಯಪುಸ್ತಕಗಳು ಚೆಲುವೆಪುಡಿ ಎಂದೂ ಜನ ಬ್ಲೀಚಿಂಗ್ ಪೌಡರ್ ಎಂದೂ ಕರೆಯುವ ಬಿಳಿಯ ಪುಡಿಯಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಮ್ ಹೈಪೊಕ್ಲೋರೈಟ್. ಎರಡನ್ನು ನೀರಿಗೆ ಹಾಕಿದಾಗಲೂ ಕೆಲಸ ಮಾಡುವುದು ಒಂದೇ ವಸ್ತು, ಹೈಪೊಕ್ಲೋರಸ್ ಆಮ್ಲ. ಇದರ ಅಣುವಿಗೆ ತನ್ನ ತಯಾರಕ ಯಾರೆಂಬುದು ಗೊತ್ತಿಲ್ಲ.

ಈ ಮಾತನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ದಾಖಲಿಸಿದೆ. 1957ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಕ್ಲೋರಾಕ್ಸ್ ಎಂಬ ಬ್ಲೀಚ್ ಕಂಪನಿಯನ್ನು ಕೊಂಡಿತು. ಸ್ಪರ್ಧೆಗೆ ಇದರಿಂದ ಧಕ್ಕೆಯಾಗುತ್ತದೆ ಎಂದು ಅಲ್ಲಿನ ವ್ಯಾಪಾರ ಆಯೋಗ ಆಕ್ಷೇಪಿಸಿತು. 1967ರಲ್ಲಿ ತೀರ್ಪು ಆಯೋಗದ ಪರವಾಗಿ ಬಂತು. ಮನೆಬಳಕೆಯ ಎಲ್ಲ ದ್ರವ ಬ್ಲೀಚ್‌ಗಳೂ ರಾಸಾಯನಿಕವಾಗಿ ಒಂದೇ, ಶೇ 5.25 ಸೋಡಿಯಮ್ ಹೈಪೊಕ್ಲೋರೈಟ್, ಉಳಿದ ಶೇ 94.75 ನೀರು ಎಂದು ತೀರ್ಪಿನಲ್ಲಿ ಹೇಳಲಾಗಿದೆ. ಹಾಗಿದ್ದರೂ ಆ ಕಾಲಕ್ಕೆ ದೇಶದ ಬ್ಲೀಚ್ ಮಾರಾಟದ ಸುಮಾರು ಅರ್ಧ ಪಾಲು ಕ್ಲೋರಾಕ್ಸ್‌ನದಾಗಿತ್ತು. ಒಂದೇ ಬಗೆಯ ವಸ್ತುಗಳ ನಡುವೆ ಒಂದಕ್ಕೆ ಇಷ್ಟು ಗಿರಾಕಿ ಇರುವುದಕ್ಕೆ ಜಾಹೀರಾತಿನ ಬಲ ಮುಖ್ಯ ಕಾರಣ ಎಂಬುದು ನ್ಯಾಯಾಲಯದ ವಿವರಣೆ.

ಇಷ್ಟನ್ನು ಓದಿದವರು ‘ಎಲ್ಲ ಬ್ಲೀಚ್‌ಗಳೂ ಒಂದೇ’ ಎಂದು ತೀರ್ಮಾನಿಸುವುದು ಸಹಜ. ಆದರೆ ಆ ತೀರ್ಪು ಆ ಕಾಲದ, ಆ ದೇಶದ ಮಾರುಕಟ್ಟೆಯ ಬಗ್ಗೆ ಬರೆದದ್ದು. ಇಂದಿನ ಬಾಟಲಿಗಳಲ್ಲಿ ಹೈಪೊಕ್ಲೋರೈಟ್‌ನ ಪ್ರಮಾಣ ಬೇರೆ ಬೇರೆ. ಕೆಲವಕ್ಕೆ ಸುವಾಸನೆ ಸೇರಿಸಿರುತ್ತಾರೆ. ಕೆಲವನ್ನು ಚಿಮ್ಮದಂತೆ, ಗೋಡೆಗೆ ಅಂಟುವಂತೆ ದಪ್ಪಗೊಳಿಸಿರುತ್ತಾರೆ. ಕೆಲವಕ್ಕೆ ಮಾರ್ಜಕ ಬೆರೆಸಿರುತ್ತಾರೆ. ಶೌಚಾಲಯಕ್ಕೆ ಇವು ಒಳ್ಳೆಯವೇ ಇರಬಹುದು, ಕುಡಿಯುವ ನೀರಿಗೆ ಮಾತ್ರ ಖಂಡಿತ ಕೂಡದು. ಇಲ್ಲಿ ಹೆಸರಿನ ಪ್ರತಿಷ್ಠೆಯಿಂದ ಏನೂ ಪ್ರಯೋಜನವಿಲ್ಲ. ಹೆಸರಾಂತ ಕಂಪನಿಯ ಪರಿಮಳದ ಬ್ಲೀಚ್‌ಗಿಂತ ಹೆಸರಿಲ್ಲದ ಸಾದಾ ಬ್ಲೀಚ್ ಆ ಮಟ್ಟಿಗೆ ಮೇಲು. ನಮ್ಮ ದೇಶದಲ್ಲಿ ಬಟ್ಟೆಗೂ ನೆಲಕ್ಕೂ ಎಂದು ಮಾರುವ ದ್ರವಗಳು ಕುಡಿಯುವ ನೀರನ್ನು ಉದ್ದೇಶಿಸಿ ತಯಾರಾದವಲ್ಲ ಎಂಬುದನ್ನೂ ನೆನಪಿಡಬೇಕು. ಮನೆಯ ನೀರಿಗೆ ಮೊದಲ ಆಯ್ಕೆ ಆರೋಗ್ಯ ಕಾರ್ಯಕರ್ತರು ಹಂಚುವ ಕ್ಲೋರಿನ್ ಮಾತ್ರೆ ಅಥವಾ ನೀರಿನ ಶುದ್ಧೀಕರಣಕ್ಕೆಂದೇ ಲೇಬಲ್ ಇರುವ ದ್ರಾವಣ.

ಲೇಬಲ್ ಎಷ್ಟು ಹೇಳುತ್ತದೆ?

ಬ್ಲೀಚ್‌ನ ಶಕ್ತಿಯನ್ನು ಅಳೆಯುವ ಮಾನ ‘ಲಭ್ಯ ಕ್ಲೋರಿನ್’. ಈ ಪದ ವಿದ್ಯಾರ್ಥಿಗಳಲ್ಲಿ ಗೊಂದಲ ಹುಟ್ಟಿಸುತ್ತದೆ. ಇದು ಬಾಟಲಿಯಲ್ಲಿರುವ ಕ್ಲೋರಿನ್ ಪರಮಾಣುಗಳ ತೂಕವಲ್ಲ. ಉತ್ಕರ್ಷಣ ಸಾಮರ್ಥ್ಯದ ಲೆಕ್ಕ. ಒಂದು ಹೈಪೊಕ್ಲೋರೈಟ್ ಅಯಾನು ಎರಡು ಎಲೆಕ್ಟ್ರಾನುಗಳನ್ನು ಸೆಳೆಯುತ್ತದೆ. ಕ್ಲೋರಿನ್ ಅನಿಲದ ಒಂದು ಅಣುವೂ ಅಷ್ಟನ್ನೇ ಸೆಳೆಯುತ್ತದೆ. ಆದ್ದರಿಂದ 74.4 ಗ್ರಾಂ ಸೋಡಿಯಮ್ ಹೈಪೊಕ್ಲೋರೈಟ್ 70.9 ಗ್ರಾಂ ಕ್ಲೋರಿನ್ನಿಗೆ ಸಮ. ಈ ಲೆಕ್ಕದಂತೆ ‘ಶೇ 5.25 ಸೋಡಿಯಮ್ ಹೈಪೊಕ್ಲೋರೈಟ್’ ಎಂಬ ಲೇಬಲ್ಲೂ ‘ಶೇ 5 ಲಭ್ಯ ಕ್ಲೋರಿನ್’ ಎಂಬ ಲೇಬಲ್ಲೂ ಹೇಳುವುದು ಒಂದನ್ನೇ. ಅಂಕಿ ದೊಡ್ಡದಿರುವ ಬಾಟಲಿಯೇ ಶಕ್ತಿಶಾಲಿ ಎಂದು ಕೊಂಡವರು ಮೋಸ ಹೋಗುವುದು ಇಲ್ಲಿಯೇ.

ಲೇಬಲ್ಲಿನ ಮೇಲೆ ನಮ್ಮ ಮುಖ್ಯ ಆಕ್ಷೇಪ ಬೇರೆ ಇದೆ. ಅದು ಕಾರ್ಖಾನೆಯಿಂದ ಹೊರಟ ದಿನದ ಸಂಗತಿಯನ್ನು ಹೇಳುತ್ತದೆ. ನಾವು ಬಳಸುವ ದಿನದ್ದನ್ನಲ್ಲ. ಬ್ಲೀಚ್ ಸುಮ್ಮನೆ ಇಟ್ಟರೂ ಕೆಡುತ್ತದೆ. ಹೈಪೊಕ್ಲೋರೈಟ್ ನಿಧಾನವಾಗಿ ಕ್ಲೋರೈಡ್ ಮತ್ತು ಕ್ಲೋರೇಟ್ ಆಗಿ ಒಡೆಯುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಈ ವೇಗ ಸುಮಾರು ಮೂರು ಪಟ್ಟಾಗುತ್ತದೆ. ಬೆಳಕು ಬಿದ್ದರೆ, ಕಬ್ಬಿಣ, ತಾಮ್ರದಂಥ ಲೋಹಗಳ ಅಂಶ ಸೇರಿದರೆ ಇನ್ನೂ ಬೇಗ. ದ್ರಾವಣ ಎರಡು ಪಟ್ಟು ಗಾಢವಾಗಿದ್ದರೆ ಕೆಡುವ ವೇಗ ನಾಲ್ಕು ಪಟ್ಟು ಅಥವಾ ಅದಕ್ಕೂ ಹೆಚ್ಚು. ಚೆಲುವೆಪುಡಿಯೂ ಹಾಗೆಯೇ. ಹೊಸದರಲ್ಲಿ ಸುಮಾರು ಶೇ 33 ಲಭ್ಯ ಕ್ಲೋರಿನ್ ಇರುವ ಪುಡಿ, ಚೀಲದ ಬಾಯಿ ತೆರೆದು ಗಾಳಿ, ತೇವ ತಾಗುತ್ತಿದ್ದಂತೆ ಸತ್ತ್ವ ಕಳೆದುಕೊಳ್ಳುತ್ತದೆ. ಬಣ್ಣ ಮಾತ್ರ ಬಿಳಿಯೇ ಇರುತ್ತದೆ.

ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಅಂಗಡಿಯ ಮುಂಗಟ್ಟಿನಲ್ಲಿ ಕುಳಿತ ಬಾಟಲಿಯನ್ನು ಕಲ್ಪಿಸಿಕೊಳ್ಳಿ. ತಿಂಗಳುಗಟ್ಟಲೆ ಮಾರಾಟವಾಗದೆ ಉಳಿದ ದುಬಾರಿ ಬ್ರ್ಯಾಂಡಿಗಿಂತ ಹಿಂದಿನ ವಾರ ಬಂದು ಬೇಗ ಖರ್ಚಾಗುವ ಅಗ್ಗದ ಸರಕು ಬಲವಾಗಿರಬಹುದು. ಇದರ ವಿರುದ್ಧವಾದದ್ದೂ ಸಾಧ್ಯ. ತಳ್ಳುಗಾಡಿಯಲ್ಲಿ ಫಿನಾಯಿಲ್, ಆಸಿಡ್ ಜೊತೆಗೆ ಹಳೆಯ ನೀರಿನ ಬಾಟಲಿಗೆ ತುಂಬಿ ಮಾರುವ ದ್ರವದಲ್ಲಿ ಏನಿದೆ, ಎಷ್ಟಿದೆ, ಯಾವಾಗ ತಯಾರಾಯಿತು ಎಂದು ತಿಳಿಯುವ ದಾರಿಯೇ ಇಲ್ಲ. ಹೆಸರಿರುವ ಕಂಪನಿಯ ಪರವಾಗಿ ನ್ಯಾಯವಾಗಿ ಹೇಳಬಹುದಾದ ಮಾತು ಇದೇ: ಬೆಳಕು ತೂರದ ಬಾಟಲಿ, ಭದ್ರವಾದ ಮುಚ್ಚಳ, ತಯಾರಿಕೆಯ ದಿನಾಂಕ, ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣ. ಹೆಚ್ಚಿನ ಬೆಲೆಯಲ್ಲಿ ಸ್ವಲ್ಪ ಭಾಗ ಇವುಗಳಿಗೆ ಸಲ್ಲುತ್ತದೆ. ಆದರೆ ಇವೇ ಗುಣಗಳಿರುವ ಸಣ್ಣ ತಯಾರಕನ ಬಾಟಲಿಯನ್ನು ಕೀಳಾಗಿ ಕಾಣಲು ಕಾರಣವಿಲ್ಲ.

ತಳ್ಳುಗಾಡಿಯ ಸರಕಿನಲ್ಲಿ ಇನ್ನೊಂದು ಅಪಾಯವಿದೆ. ಬ್ಲೀಚ್ ಮತ್ತು ಆಸಿಡ್ ಎರಡನ್ನೂ ಒಂದೇ ಬಗೆಯ ಬಾಟಲಿಯಲ್ಲಿಟ್ಟು, ಮರೆತು ಒಂದಕ್ಕೊಂದು ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬೀಳುತ್ತದೆ. ಹೈಡ್ರೊಕ್ಲೋರಿಕ್ ಆಮ್ಲವಿರುವ ಶೌಚಾಲಯದ ದ್ರವವೂ ಇದಕ್ಕೆ ಸಾಕು.

ಅಳೆದು ನೋಡುವ ಬಗೆ

ಹಾಗಾದರೆ ಹೋಲಿಕೆ ಹೇಗೆ ಮಾಡಬೇಕು? ಬಣ್ಣದ ಬಟ್ಟೆಯ ಮೇಲೆ ಒಂದೊಂದು ಹನಿ ಹಾಕಿ ಯಾವುದು ಬೇಗ ಬಿಳಿ ಮಾಡುತ್ತದೆಂದು ನೋಡುವ ಪ್ರಯೋಗ ಶಾಲೆಗಳಲ್ಲಿ ಜನಪ್ರಿಯ. ಅದರಿಂದ ಬ್ಲೀಚ್ ಇದೆಯೋ ಇಲ್ಲವೋ ತಿಳಿಯುತ್ತದೆ, ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಘಾಟು ಹೆಚ್ಚಿದ್ದರೆ ಶಕ್ತಿ ಹೆಚ್ಚು ಎಂಬ ನಂಬಿಕೆಯೂ ಸರಿಯಲ್ಲ. ನೀರಿನಲ್ಲಿ ಅಮೋನಿಯ ಇದ್ದರೆ ಕ್ಲೋರಿನ್ ಅದರೊಡನೆ ಸೇರಿ ಕ್ಲೋರಮೀನ್ ಆಗುತ್ತದೆ. ಮೂಗಿಗೆ ತಟ್ಟುವ ವಾಸನೆ ಬಹಳ ಸಲ ಇದರದ್ದೇ. ರೋಗಾಣುಗಳನ್ನು ಕೊಲ್ಲುವುದರಲ್ಲಿ ಕ್ಲೋರಮೀನ್ ದುರ್ಬಲ.

ಪ್ರೌಢಶಾಲೆ, ಪದವಿಪೂರ್ವ ಕಾಲೇಜಿನ ಪ್ರಯೋಗಶಾಲೆಗೆ ಎಟಕುವ ಸರಿಯಾದ ವಿಧಾನ ಅಯೊಡಿನ್ ಅನುಮಾಪನ. 10 ಮಿಲಿಲೀಟರ್ ಬ್ಲೀಚನ್ನು ನೀರು ಸೇರಿಸಿ 250 ಮಿಲಿಲೀಟರ್ ಮಾಡಿ. ಅದರಿಂದ 25 ಮಿಲಿಲೀಟರ್ ತೆಗೆದು ಫ್ಲಾಸ್ಕಿಗೆ ಹಾಕಿ. ಇದರಲ್ಲಿ ಮೂಲ ಬ್ಲೀಚ್ ಇರುವುದು 1 ಮಿಲಿಲೀಟರ್ ಮಾತ್ರ. ಸಾಕಷ್ಟು ಪೊಟ್ಯಾಸಿಯಮ್ ಅಯೊಡೈಡ್, ಅನಂತರ ಅಸಿಟಿಕ್ ಆಮ್ಲ ಸೇರಿಸಿ. ಬಿಡುಗಡೆಯಾದ ಅಯೊಡಿನ್ ಕಂದು ಬಣ್ಣ ಕೊಡುತ್ತದೆ. ಬ್ಯೂರೆಟ್ಟಿನಿಂದ 0.1 ನಾರ್ಮಲ್ ಸೋಡಿಯಮ್ ಥಯೋಸಲ್ಫೇಟ್ ಬಿಡುತ್ತ ಹೋಗಿ. ಬಣ್ಣ ತಿಳಿಹಳದಿಗೆ ಬಂದಾಗ ಪಿಷ್ಟ ದ್ರಾವಣ ಹಾಕಿ, ನೀಲಿ ಮಾಯವಾಗುವವರೆಗೆ ಮುಂದುವರಿಸಿ. ಖರ್ಚಾದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟ್ 3.545 ಮಿಲಿಗ್ರಾಂ ಲಭ್ಯ ಕ್ಲೋರಿನ್ನಿಗೆ ಸಮ. 14.1 ಮಿಲಿಲೀಟರ್ ಖರ್ಚಾದರೆ 50 ಮಿಲಿಗ್ರಾಂ, ಅಂದರೆ ಬ್ಲೀಚ್ ಶೇ 5ರದ್ದು. 8.5 ಮಿಲಿಲೀಟರ್ ಖರ್ಚಾದರೆ ಶೇ 3ರದ್ದು. ಕೈಗವಸು, ಕನ್ನಡಕ ಧರಿಸಿ, ಕಿಟಕಿ ತೆರೆದು, ಅಧ್ಯಾಪಕರ ಎದುರಿನಲ್ಲಿಯೇ ಈ ಕೆಲಸ ನಡೆಯಬೇಕು.

ಬಾಟಲಿಯ ಬೆಲೆಗಳನ್ನು ಹೋಲಿಸುವುದರಿಂದ ಏನೂ ತಿಳಿಯದು. ಒಂದು ಗ್ರಾಂ ಲಭ್ಯ ಕ್ಲೋರಿನ್ನಿನ ಬೆಲೆಯನ್ನು ಹೋಲಿಸಬೇಕು. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಸರಿನ ಬ್ಲೀಚ್ ಲೀಟರಿಗೆ 60 ರೂಪಾಯಿ, ಅನುಮಾಪನದಲ್ಲಿ ಶೇ 4 ಬಂತು ಎನ್ನೋಣ. ಅದರಲ್ಲಿ 40 ಗ್ರಾಂ ಕ್ಲೋರಿನ್ ಇದೆ. ಗ್ರಾಮಿಗೆ 1 ರೂಪಾಯಿ 50 ಪೈಸೆ. ಹೆಸರಿಲ್ಲದ್ದು ಲೀಟರಿಗೆ 30 ರೂಪಾಯಿ, ಬಂದದ್ದು ಶೇ 1.5. ಇರುವುದು 15 ಗ್ರಾಂ. ಗ್ರಾಮಿಗೆ 2 ರೂಪಾಯಿ. ಅರ್ಧ ಬೆಲೆಯ ಬಾಟಲಿಯೇ ದುಬಾರಿಯಾಯಿತು! ಅದೇ ಬಾಟಲಿ ಶೇ 3 ತೋರಿಸಿದರೆ ಗ್ರಾಮಿಗೆ 1 ರೂಪಾಯಿ, ಆಗ ಅದೇ ಅಗ್ಗ. ಇನ್ನು ಕಿಲೋಗೆ 60 ರೂಪಾಯಿಯ ಚೆಲುವೆಪುಡಿಯಲ್ಲಿ ಶೇ 25 ಉಳಿದಿದ್ದರೆ ಗ್ರಾಮಿಗೆ 24 ಪೈಸೆ. ಊರಿನ ಟ್ಯಾಂಕುಗಳಿಗೆ ಪುಡಿಯನ್ನೇ ಬಳಸುವುದರ ಹಿಂದಿನ ಅರ್ಥಶಾಸ್ತ್ರ ಇದು.

ಪ್ರಮಾಣ ತಿಳಿಯದೆ ಹನಿಗಳ ಲೆಕ್ಕ ಹೇಳುವುದೂ ಅಪಾಯವೇ. ತುರ್ತು ಸಂದರ್ಭದಲ್ಲಿ ಒಂದು ಗ್ಯಾಲನ್ ನೀರಿಗೆ 8 ಹನಿ ಎಂಬ ಅಮೆರಿಕದ ಸಲಹೆಯನ್ನು ಹಲವರು ನಕಲು ಮಾಡುತ್ತಾರೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಹೇಳಿರುವುದು ಶೇ 6ರ ಸಾದಾ ಬ್ಲೀಚಿಗೆ; ಶೇ 8.25ರದ್ದಾದರೆ 6 ಹನಿ. ನಮ್ಮ ಉದಾಹರಣೆಯನ್ನೇ ನೋಡಿ. 20 ಲೀಟರ್ ತಿಳಿನೀರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 40 ಮಿಲಿಗ್ರಾಂ ಕ್ಲೋರಿನ್ ಬೇಕು. ಶೇ 4ರ ದ್ರಾವಣವಾದರೆ 1 ಮಿಲಿಲೀಟರ್ ಸಾಕು, ಶೇ 1.5ರದ್ದಾದರೆ 2.7 ಮಿಲಿಲೀಟರ್ ಹಾಕಬೇಕು. ಒಂದೇ ಹನಿ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ. ತೀರ ಹಳೆಯ ಬ್ಲೀಚನ್ನು ಇನ್ನಷ್ಟು ಸುರಿದು ಸರಿದೂಗಿಸುವುದೂ ತಪ್ಪು. ಅದರಲ್ಲಿ ಸೇರಿಕೊಂಡ ಕ್ಲೋರೇಟ್ ನೀರಿಗೆ ಬರುತ್ತದೆ.

ನೀರಿನ ಪಾಲು

ಇಲ್ಲಿಯವರೆಗೆ ಬಾಟಲಿಯ ವಿಚಾರವಾಯಿತು. ಆದರೆ ಫಲಿತಾಂಶವನ್ನು ಹೆಚ್ಚು ನಿರ್ಧರಿಸುವುದು ನೀರು. ಕ್ಲೋರಿನ್ ನೀರಿಗೆ ಬಿದ್ದೊಡನೆ ಹೈಪೊಕ್ಲೋರಸ್ ಆಮ್ಲ ಮತ್ತು ಹೈಪೊಕ್ಲೋರೈಟ್ ಅಯಾನು ಎಂಬ ಎರಡು ರೂಪಗಳಲ್ಲಿ ಹಂಚಿಹೋಗುತ್ತದೆ. ಆಮ್ಲರೂಪಕ್ಕೆ ವಿದ್ಯುದಾವೇಶವಿಲ್ಲ. ಅದು ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಸುಲಭವಾಗಿ ದಾಟುತ್ತದೆ. ಋಣಾವೇಶದ ಅಯಾನು ಅಷ್ಟು ಸುಲಭವಾಗಿ ದಾಟಲಾರದು. ಅದರ ಕೊಲ್ಲುವ ಶಕ್ತಿ ಹಲವು ಹತ್ತು ಪಟ್ಟು ಕಡಿಮೆ. ಪಿಎಚ್ 7ರಲ್ಲಿ ಸುಮಾರು ಶೇ 76 ಭಾಗ ಆಮ್ಲರೂಪದಲ್ಲಿರುತ್ತದೆ. 7.5ರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. 8ರಲ್ಲಿ ಶೇ 24, 8.5ರಲ್ಲಿ ಶೇ 9 ಮಾತ್ರ.

ಫ್ಲೋರೈಡ್ ಹೆಚ್ಚಿರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರೀಯವಾಗಿರುತ್ತದೆ. ಅದರಲ್ಲಿ ಬೈಕಾರ್ಬೋನೇಟ್ ಹೆಚ್ಚು, ಕ್ಯಾಲ್ಸಿಯಮ್ ಕಡಿಮೆ. ಕ್ಯಾಲ್ಸಿಯಮ್ ಕಡಿಮೆ ಇರುವುದರಿಂದಲೇ ಬಂಡೆಯ ಫ್ಲೋರೈಡ್ ಹೆಚ್ಚು ಕರಗಿ ಉಳಿಯುತ್ತದೆ. ಹೀಗಾಗಿ ಪಾವಗಡದಂಥ ಪ್ರದೇಶದಲ್ಲಿ ಬ್ಲೀಚ್ ಹಾಕುವ ಮೊದಲು ಪಿಎಚ್ ನೋಡುವುದು ಅಗತ್ಯ. ಶೇ 4ರ ಬಾಟಲಿಗೂ ಶೇ 3.5ರ ಬಾಟಲಿಗೂ ಇರುವ ಅಂತರ ಎಂಟನೆಯ ಒಂದು ಭಾಗ. ಪಿಎಚ್ 7.5ರಿಂದ 8.5ಕ್ಕೆ ಏರಿದರೆ ಪರಿಣಾಮಕಾರಿ ಆಮ್ಲ ಐದನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಬ್ರ್ಯಾಂಡುಗಳ ಬಗ್ಗೆ ವಾದಿಸುವವರು ಪಿಎಚ್ ಕಾಗದದ ಬಗ್ಗೆ ಮಾತಾಡದಿರುವುದು ಇಂಥ ಹೋಲಿಕೆಗಳ ದೊಡ್ಡ ಕೊರತೆ.

ಮಾನಕಗಳಲ್ಲೂ ಗಮನಿಸಬೇಕಾದ ಒಂದು ಅಂತರವಿದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರವರೆಗೆ ಇರಬಹುದು, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಪರಿಣಾಮಕಾರಿ ಸೋಂಕು ನಿವಾರಣೆಗೆ ಕನಿಷ್ಠ 30 ನಿಮಿಷದ ನಂತರ 0.5 ಮಿಲಿಗ್ರಾಂ ಉಳಿದಿರಬೇಕು, ಪಿಎಚ್ 8ಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ. ಪಿಎಚ್ 8.4ರ ನೀರು ಮೊದಲನೆಯದರಲ್ಲಿ ತೇರ್ಗಡೆಯಾಗಿ ಎರಡನೆಯದರಲ್ಲಿ ನಪಾಸಾಗುತ್ತದೆ! ಅಂಥ ನೀರಿಗೆ ಅರ್ಧ ಗಂಟೆ ಸಾಲದು, ಇನ್ನೂ ಹೆಚ್ಚು ಹೊತ್ತು ಕಾಯಬೇಕು.

ನೀರು ತನ್ನ ಪಾಲಿನ ಕ್ಲೋರಿನ್ನನ್ನು ನುಂಗುವುದೂ ಉಂಟು. ಸಾವಯವ ಕಶ್ಮಲ, ಕಬ್ಬಿಣ, ಅಮೋನಿಯ ಇವೆಲ್ಲ ಮೊದಲು ತಮ್ಮ ಪಾಲು ಕಸಿಯುತ್ತವೆ. ಉಳಿದದ್ದು ಮಾತ್ರ ರೋಗಾಣುಗಳಿಗೆ. 50,000 ಲೀಟರಿನ ಓವರ್‌ಹೆಡ್ ಟ್ಯಾಂಕನ್ನು ತೆಗೆದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಶೇ 33ರ ಪುಡಿಯಾದರೆ ಸುಮಾರು 300 ಗ್ರಾಂ. ನೀರುಗಂಟಿ ದಿನವೂ ಅಷ್ಟನ್ನೇ ತಪ್ಪದೆ ಹಾಕುತ್ತಾನೆ. ಆದರೆ ಚೀಲ ಹಳೆಯದಾಗಿ ಪುಡಿ ಶೇ 15ಕ್ಕೆ ಇಳಿದಿದ್ದರೆ ನೀರಿಗೆ ಸೇರುವುದು ಲೀಟರಿಗೆ 0.9 ಮಿಲಿಗ್ರಾಂ. ನೀರೇ 1 ಮಿಲಿಗ್ರಾಂ ನುಂಗುವಂತಿದ್ದರೆ ನಲ್ಲಿಯಲ್ಲಿ ಉಳಿಯುವುದು ಶೂನ್ಯ. ‘ಬ್ಲೀಚಿಂಗ್ ಪೌಡರ್ ಹಾಕಲಾಗಿದೆ’ ಎಂದು ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲ, ನೀರು ಸುರಕ್ಷಿತವೂ ಅಲ್ಲ. ಹಾಕಿದ್ದನ್ನು ಬರೆಯುವ ಪುಸ್ತಕಕ್ಕಿಂತ ಊರಿನ ಕೊನೆಯ ನಲ್ಲಿಯಲ್ಲಿ ಉಳಿದದ್ದನ್ನು ಬರೆಯುವ ಪುಸ್ತಕ ಬೇಕು. ಬಹುಕಾಲ ಇದಕ್ಕೆ ಬಳಸಿದ ಉಪಕರಣ ಕ್ಲೋರೋಸ್ಕೋಪ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ನೀಡಿದ ಕ್ಷೇತ್ರ ಪರೀಕ್ಷಾ ಪೆಟ್ಟಿಗೆಗಳಲ್ಲಿ ಉಳಿಕೆ ಕ್ಲೋರಿನ್ನಿನ ಪರೀಕ್ಷೆಯೂ ಸೇರಿದೆ.

ಪರಿಣಾಮವನ್ನು ನೀರಿನಲ್ಲಿ ನೋಡಬೇಕು ಎಂಬ ಈ ತತ್ತ್ವ ಹೊಸದೇನಲ್ಲ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ನೀರಿಗೆ ವೈದ್ಯ ಜಾನ್ ಲೀಲ್ ಚೆಲುವೆಪುಡಿಯ ದ್ರಾವಣ ಸೇರಿಸುವ ವ್ಯವಸ್ಥೆ ಮಾಡಿದಾಗ ವಿಷಯ ನ್ಯಾಯಾಲಯದ ಮುಂದಿತ್ತು. ಅಲ್ಲಿ ವಾದಕ್ಕೆ ಆಧಾರವಾದದ್ದು ಸಂಸ್ಕರಿಸಿದ ನೀರಿನ ಬ್ಯಾಕ್ಟೀರಿಯ ಎಣಿಕೆ. ಪುಡಿಯನ್ನು ತಯಾರಿಸಿದವರು ಯಾರೆಂಬುದು ಮುಖ್ಯವಾಗಲಿಲ್ಲ.

ಬ್ಲೀಚ್ ಮಾಡಲಾರದ ಕೆಲಸ

ಕೊನೆಗೆ ಪಾವಗಡದ ಎರಡನೆಯ ದೋಷಕ್ಕೆ ಬರೋಣ. ಯಾವ ಬೆಲೆಯ, ಯಾವ ಹೆಸರಿನ ಬ್ಲೀಚೂ ಫ್ಲೋರೈಡನ್ನು ತೆಗೆಯುವುದಿಲ್ಲ. ಫ್ಲೋರೈಡ್ ಜೀವಿಯಲ್ಲ, ಕೊಲ್ಲುವಂತಿಲ್ಲ. ಉತ್ಕರ್ಷಿಸಿ ನಿರುಪದ್ರವಿ ಮಾಡಲೂ ಆಗದು. ನೀರನ್ನು ಕುದಿಸಿದರೆ ಆವಿ ಹೋಗಿ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ; ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅನುಮತಿ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ಆಲಂ, ಸುಣ್ಣದ ಜೊತೆ ಚೆಲುವೆಪುಡಿಯನ್ನೂ ಹಾಕುವುದರಿಂದ ಕೆಲವರಿಗೆ ಗೊಂದಲವಾಗುತ್ತದೆ. ಅಲ್ಲಿ ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುವುದು ಆಲಂನಿಂದಾದ ಮುದ್ದೆ. ಪುಡಿಯ ಕೆಲಸ ರೋಗಾಣು ನಾಶವಷ್ಟೇ.

ಇಂದು ಹಳ್ಳಿಹಳ್ಳಿಗಳಲ್ಲಿರುವ ಶುದ್ಧ ನೀರಿನ ಘಟಕಗಳ ಆರ್‌ಒ ಪೊರೆ ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಆ ಪೊರೆಗೆ ಕ್ಲೋರಿನ್ ಶತ್ರು. ನೀರಿನಲ್ಲಿ ಕ್ಲೋರಿನ್ ಇದ್ದರೆ ಇದ್ದಿಲಿನ ಶೋಧಕದಲ್ಲಿ ಅದನ್ನು ಮೊದಲೇ ತೆಗೆಯಬೇಕಾಗುತ್ತದೆ. ಆದ್ದರಿಂದ ಘಟಕದಿಂದ ಬರುವ ನೀರಿನಲ್ಲಿ ಕಾವಲಿಗೆ ಕ್ಲೋರಿನ್ ಇರುವುದಿಲ್ಲ. ಆ ನೀರನ್ನು ತೊಳೆಯದ 20 ಲೀಟರಿನ ಕ್ಯಾನಿಗೆ ತುಂಬಿ, ಕೈ ಅದ್ದಿದ ಲೋಟದಿಂದ ಮೊಗೆದರೆ ರೋಗಾಣುಗಳಿಗೆ ಅಡ್ಡಿ ಇಲ್ಲ. ಫ್ಲೋರೈಡಿನಿಂದ ಪಾರಾದವರು ಭೇದಿಗೆ ಸಿಕ್ಕಿಬೀಳಬಹುದು.

ಸಾದಾ ಬ್ಲೀಚಿಗೆ ಮನೆಯಲ್ಲಿ ಅತ್ಯಂತ ಸೂಕ್ತವಾದ ಕೆಲಸ ಇದು: ಕ್ಯಾನನ್ನು ಸಾಬೂನಿನಿಂದ ತೊಳೆದು, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ಬೆರೆಸಿದ ದ್ರಾವಣವನ್ನು ಹಾಕಿ, ಒಳಮೈಯೆಲ್ಲ ತಾಗುವಂತೆ ಅಲುಗಿಸಿ, ಅರ್ಧ ನಿಮಿಷಕ್ಕೂ ಹೆಚ್ಚು ಬಿಟ್ಟು ಚೆಲ್ಲಿ, ಶುದ್ಧ ನೀರಿನಿಂದ ಗಲಬರಿಸುವುದು. ಇದಕ್ಕೆ ಸುವಾಸನೆಯಿಲ್ಲದ, ದಿನಾಂಕ ನಮೂದಿಸಿದ, ಪ್ರಮಾಣ ತಿಳಿದ ಯಾವ ಬಾಟಲಿಯಾದರೂ ಆದೀತು.

ಹೆಸರಿನ ಬ್ಲೀಚೋ ಹೆಸರಿಲ್ಲದ್ದೋ ಎಂಬ ಪ್ರಶ್ನೆಗೆ ಅಧ್ಯಾಪಕರು ತರಗತಿಯಲ್ಲಿ ಉತ್ತರ ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳು ತಮ್ಮ ಊರಿನ ಅಂಗಡಿಯ ಎರಡು ಬಾಟಲಿ, ಪಂಚಾಯಿತಿಯ ಪುಡಿಯ ಒಂದು ಮಾದರಿ, ಊರಿನ ಮೊದಲ ಮತ್ತು ಕೊನೆಯ ನಲ್ಲಿಯ ನೀರು ತರಲಿ. ಬಾಟಲಿ ಮತ್ತು ಪುಡಿಯ ಲಭ್ಯ ಕ್ಲೋರಿನ್ನನ್ನೂ ನೀರಿನ ಪಿಎಚ್, ಉಳಿಕೆ ಕ್ಲೋರಿನ್, ಫ್ಲೋರೈಡನ್ನೂ ಅಳೆದು ಒಂದು ಪಟ್ಟಿ ಮಾಡಲಿ. ಉಳಿಕೆ ಕ್ಲೋರಿನ್ನನ್ನು ಮಾತ್ರ ನಲ್ಲಿಯ ಬಳಿಯಲ್ಲಿಯೇ ನೋಡಬೇಕು, ಶಾಲೆಗೆ ತರುವಷ್ಟರಲ್ಲಿ ಅದು ಇಳಿದಿರುತ್ತದೆ. ಆ ಪಟ್ಟಿಯ ಒಂದು ಪ್ರತಿ ಪಂಚಾಯಿತಿ ಕಚೇರಿಗೂ ಹೋಗಲಿ.